ಬಿಇ ಓದಿ ಬೆಡ್‌ಪ್ಯಾನ್ ಹಿಡಿದೆ

‘ಅಲ್ಲ ಕಣೇ, ನಿನ್ನನ್ನ ಇಂಜಿನಿಯರಿಂಗ್ ಓದಿಸಿದ್ದು ಕಂಡೋರ ಬೆಡ್‌ಪ್ಯಾನ್ ಎತ್ತಲಿ ಅಂತಲಾ?’

ವಿಡಿಯೊ ಕಾಲ್‌ನಲ್ಲಿ ಅಮ್ಮ ಕೇಳಿದ್ದು ಇಷ್ಟೇ. ಹಾಸನದಲ್ಲಿ ಆಗ ರಾತ್ರಿ ಒಂಬತ್ತೂವರೆ. ನಾನು ಕ್ಯಾಲಿಫೋರ್ನಿಯಾದ ನಮ್ಮ ಅಡುಗೆಮನೆಯಲ್ಲಿ ಬೆಳಗಿನ ಕಾಫಿ ಕುಡೀತಾ ಕಮ್ಯುನಿಟಿ ಕಾಲೇಜಿನ ಅರ್ಜಿ ತುಂಬುತ್ತಿದ್ದೆ. ಕೋರ್ಸಿನ ಹೆಸರು ನರ್ಸ್ ಅಸಿಸ್ಟೆಂಟ್. ಪಾಸಾದರೆ ಸಿಎನ್ಎ, ಅಂದರೆ ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್.

ಅದಕ್ಕೆ ನಾಲ್ಕು ತಿಂಗಳ ಹಿಂದೆ ಲೇಆಫ್‌ನಲ್ಲಿ ನನ್ನ ಕೆಲಸ ಹೋಗಿತ್ತು. ಎಚ್-1ಬಿಯವರಿಗೆ ಕೆಲಸ ಹೋದ ಮೇಲೆ ಸಿಗೋದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಸಿಗಲಿಲ್ಲ, ಗಂಡನ ವೀಸಾ ಹಿಡಿದು ಎಚ್-4ಗೆ ಬದಲಾದೆ. ಎಚ್-4ನಲ್ಲಿ ಓದಬಹುದು, ದುಡಿಯಲು ಮಾತ್ರ ಇಎಡಿ ಕಾರ್ಡ್ ಬರಬೇಕು. ಕಾಯುತ್ತಾ ಕೂತಿದ್ದೆ. ಎಲ್ಲರೂ ಎಐ ಕೋರ್ಸ್ ಮಾಡು ಅಂದರು. ಆದರೆ ಆ ವರ್ಷ ನನ್ನ ತಲೆಯಲ್ಲಿ ಇದ್ದದ್ದು ಅಪ್ಪ. ಅವರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಅರವತ್ತು ದಾಟಿದ ಅಮ್ಮ ಒಬ್ಬರೇ ಎತ್ತಿ ಇಳಿಸಿ ಮಾಡುತ್ತಿದ್ದರು. ನಾನು ಇಲ್ಲಿಂದ ದುಡ್ಡು ಕಳಿಸಿ ‘ಹೋಂ ನರ್ಸ್ ಇಟ್ಕೊ’ ಅನ್ನುತ್ತಿದ್ದೆ. ಬಂದ ಇಬ್ಬರು ಹುಡುಗಿಯರಿಗೂ ಪಾಪ, ಯಾರೂ ಏನೂ ಹೇಳಿಕೊಟ್ಟಿರಲಿಲ್ಲ.

ಅಮೆರಿಕದಲ್ಲಿ ಈ ಕೆಲಸಕ್ಕೆ ತರಬೇತಿ ಕಡ್ಡಾಯ ಆಗಿದ್ದಕ್ಕೂ ಒಂದು ಕಥೆ ಇದೆ. ಅಲ್ಲಿನ ನರ್ಸಿಂಗ್ ಹೋಮ್ ಅಂದರೆ ನಮ್ಮೂರ ಹೆರಿಗೆ ಆಸ್ಪತ್ರೆ ಅಲ್ಲ, ವಯಸ್ಸಾದವರು ವರ್ಷಗಟ್ಟಲೆ ಇರುವ ಜಾಗ. ಅಲ್ಲಿನ ಕೆಟ್ಟ ಆರೈಕೆಯ ಬಗ್ಗೆ ದೊಡ್ಡ ಗಲಾಟೆಯಾದ ಮೇಲೆ 1987ರಲ್ಲಿ ಫೆಡರಲ್ ಕಾನೂನು ಬಂತು. ಕನಿಷ್ಠ 75 ಗಂಟೆ ತರಬೇತಿ, ಆಮೇಲೆ ಪರೀಕ್ಷೆ. ರಾಜ್ಯಗಳು ಇನ್ನೂ ಹೆಚ್ಚಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ 160 ಗಂಟೆ: 60 ತರಗತಿಯಲ್ಲಿ, 100 ನಿಜವಾದ ರೋಗಿಗಳ ಜೊತೆ. ಫೀಸು ಅಷ್ಟೇನಿಲ್ಲ, ಇಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್. ಮೇಲೆ ಯೂನಿಫಾರ್ಮ್, ಟಿಬಿ ಟೆಸ್ಟ್, ಬೆರಳಚ್ಚು ತಪಾಸಣೆ.

ಕ್ಲಾಸಲ್ಲಿ ಹದಿನೆಂಟರ ಹುಡುಗಿಯಿಂದ ಹಿಡಿದು ಐವತ್ತು ದಾಟಿದ ಅಜ್ಜಿಯವರೆಗೆ ಇದ್ದರು. ಸಾಫ್ಟ್‌ವೇರ್‌ನವಳು ನಾನೊಬ್ಬಳೇ. ಮೊದಲ ವಾರ ಸ್ವಲ್ಪ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ. ಇದೆಲ್ಲಾ ಕಾಮನ್ ಸೆನ್ಸ್ ಅಲ್ವಾ ಅಂದುಕೊಂಡಿದ್ದೆ. ಆಮೇಲೆ ಕೈ ತೊಳೆಯುವ ಟೆಸ್ಟ್‌ನಲ್ಲೇ ಫೇಲಾದೆ!

ಹೌದು, ಕೈ ತೊಳೆಯೋದರಲ್ಲಿ. ಬೆರಳುಗಳು ಮೊಣಕೈಗಿಂತ ಕೆಳಗಿರಬೇಕು, 20 ಸೆಕೆಂಡ್ ಉಜ್ಜಬೇಕು, ಉಗುರಿನ ಅಡಿಯೂ ಬಿಡಬಾರದು, ನಲ್ಲಿಯನ್ನು ಪೇಪರ್ ಟವೆಲ್‌ನಿಂದಲೇ ನಿಲ್ಲಿಸಬೇಕು. ನಾನು ಎಲ್ಲಾ ಮಾಡಿ ಕೊನೆಗೆ ಸಿಂಕಿನ ಅಂಚಿಗೆ ಕೈ ತಾಗಿಸಿಬಿಟ್ಟೆ. ‘ಮೊದಲಿಂದ ಮಾಡು’ ಅಂದರು ನಮ್ಮ ಮೇಡಂ. ಮೂವತ್ತು ವರ್ಷ ನರ್ಸ್ ಆಗಿದ್ದವರು, ನಗುತ್ತಲೇ ಫೇಲ್ ಮಾಡುವ ಜಾತಿ.

ಇಲ್ಲಿ ಕಲಿಸುವ ಒಂದೊಂದು ಕೆಲಸದ ಹಿಂದೆಯೂ ಒಂದು ಯೋಚನೆ ಇದೆ. ಉಸಿರು ಎಣಿಸುವುದನ್ನೇ ನೋಡಿ. ‘ನಿಮ್ಮ ಉಸಿರು ಎಣಿಸ್ತೀನಿ’ ಅಂದರೆ ಯಾರಿಗಾದರೂ ಉಸಿರಿನ ಲಯ ತಪ್ಪುತ್ತೆ. ಅದಕ್ಕೇ ನಾಡಿ ಎಣಿಸಿ ಮುಗಿದ ಮೇಲೂ ಬೆರಳು ಮಣಿಕಟ್ಟಿನ ಮೇಲೆಯೇ ಇಟ್ಟುಕೊಂಡು, ಕಣ್ಣಲ್ಲಿ ಎದೆಯ ಏರಿಳಿತ ಎಣಿಸಬೇಕು. ರೂಮಿಗೆ ಹೋಗುವ ಮುಂಚೆ ಬಾಗಿಲು ತಟ್ಟಬೇಕು, ಒಳಗಿರುವವರಿಗೆ ಪ್ರಜ್ಞೆ ಇಲ್ಲದಿದ್ದರೂ ಸರಿ. ಹೆಸರು ಹೇಳಬೇಕು, ಏನು ಮಾಡಲಿದ್ದೇನೆ ಅಂತ ಹೇಳಬೇಕು, ಪರದೆ ಎಳೆಯಬೇಕು. ಹೊರಡುವಾಗ ಮಂಚ ತಗ್ಗಿಸಿ, ಕರೆಗಂಟೆಯನ್ನು ಕೈಗೆ ಸಿಗುವ ಹಾಗೆ ಇಟ್ಟು ಬರಬೇಕು. ಔಷಧಿ ಕೊಡುವುದು ಮಾತ್ರ ಸಿಎನ್ಎ ಕೆಲಸ ಅಲ್ಲ, ಅದು ನರ್ಸ್‌ದು.

ನರ್ಸಿಂಗ್ ಹೋಮಿನ ಮೊದಲ ದಿನ ಬೆಳಗ್ಗೆ ಆರೂವರೆಗೆ ಹೋಗಿ ನಿಂತೆವು. ನನಗೆ ಸಿಕ್ಕಿದ್ದು ಮರೆವಿನ ಕಾಯಿಲೆಯ ಒಬ್ಬ ಅಜ್ಜಿ. ತಿಂಡಿ ತಿನ್ನಿಸಬೇಕಿತ್ತು. ನಾನು ಪಕ್ಕದಲ್ಲಿ ನಿಂತು ಚಮಚ ತುಂಬ ಓಟ್ಸ್ ಬಾಯಿಗಿಟ್ಟೆ. ಅವರು ಉಗುಳಿದರು. ಮತ್ತೆ ಇಟ್ಟೆ, ಮತ್ತೆ ಉಗುಳಿದರು. ಮೇಡಂ ಏನೂ ಬೈಯಲಿಲ್ಲ, ಒಂದು ಕುರ್ಚಿ ಎಳೆದು ಹಾಕಿ ಹೋದರು. ಕೂತೆ. ಅಜ್ಜಿಯ ಕಣ್ಣಿಗೆ ನನ್ನ ಕಣ್ಣು ಸಮ ಬಂತು. ಅರ್ಧ ಚಮಚ ಕೊಟ್ಟು, ನುಂಗುವುದನ್ನು ನೋಡಿ, ಆಮೇಲೆ ಇನ್ನರ್ಧ. ಮುಗಿಸಲು ನಲವತ್ತು ನಿಮಿಷ ಆಯಿತು. ನಮ್ಮಜ್ಜಿ ಬೆಳದಿಂಗಳಲ್ಲಿ ಮೊಮ್ಮಕ್ಕಳಿಗೆಲ್ಲ ಕೈತುತ್ತು ಹಾಕುವಾಗ ಒಂದು ದಿನವೂ ನಿಂತು ಹಾಕಿದ್ದಿಲ್ಲ. ಅದು ಆವತ್ತು ನೆನಪಾಯಿತು.

ಕಷ್ಟದ್ದು ಎರಡನೇ ವಾರ. ಒಬ್ಬ ತಾತನಿಗೆ ಡೈಪರ್ ಬದಲಿಸಿ ಒರೆಸಬೇಕಿತ್ತು. ಮಡಿ-ಮೈಲಿಗೆ ಅಂತ ಬೆಳೆದ ಮನೆ ನಮ್ಮದು, ನನ್ನ ಕೈ ನಿಜವಾಗಿ ನಡುಗಿತು. ಆ ಮನುಷ್ಯ ಗೋಡೆ ಕಡೆ ಮುಖ ತಿರುಗಿಸಿದರು. ಎಷ್ಟು ಬೇಕೋ ಅಷ್ಟೇ ಭಾಗ ತೆರೆದು ಉಳಿದಿದ್ದೆಲ್ಲ ಟವೆಲ್‌ನಿಂದ ಮುಚ್ಚಿಡು ಅಂತ ಪಾಠದಲ್ಲಿ ಓದಿದ್ದೆ. ಯಾಕೆ ಅಂತ ಅವರ ಕುತ್ತಿಗೆ ನರ ಬಿಗಿದಿದ್ದು ನೋಡಿದಾಗ ಗೊತ್ತಾಯಿತು. ಮುಗಿದ ಮೇಲೆ ‘ಥ್ಯಾಂಕ್ಯೂ’ ಅಂದರು, ಗೋಡೆಗೆ ಮುಖ ಮಾಡಿಯೇ. ಮನೆಗೆ ಬಂದು ತುಂಬಾ ಹೊತ್ತು ಸ್ನಾನ ಮಾಡಿದೆ. ಅತ್ತೆ ಕೂಡ, ಬಚ್ಚಲಲ್ಲೇ.

ಅದೇ ವಾರ ಅಮ್ಮ ವಿಡಿಯೊ ಕಾಲ್ ಮಾಡಿದಾಗ ಹಿಂದೆ ಅಪ್ಪನ ಕೂಗು ಕೇಳಿಸಿತು. ಬನಿಯನ್ ಹಾಕುತ್ತಿದ್ದರಂತೆ. ‘ಫೋನ್ ಅಲ್ಲೇ ಇಡಮ್ಮ, ಹೇಗೆ ಹಾಕ್ತೀಯ ನೋಡ್ತೀನಿ’ ಅಂದೆ. ಅಮ್ಮ ಮೊದಲು ಚೆನ್ನಾಗಿರುವ ಎಡಗೈ ಹಾಕಿ, ಆಮೇಲೆ ಬಿಗಿದ ಬನಿಯನ್‌ಗೆ ಬಲಗೈ ತುರುಕುತ್ತಿದ್ದರು.

‘ಅಮ್ಮ, ಬಲಗೈ ಮೊದಲು. ಶಕ್ತಿ ಇಲ್ಲದ ಕೈಗೆ ಮೊದಲು ಹಾಕು. ತೆಗೆಯುವಾಗ ಉಲ್ಟಾ, ಎಡಗೈ ಮೊದಲು.’

ಹಾಕಿದರು. ಅಪ್ಪ ಕೂಗಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಬನಿಯನ್ನನ್ನೇ ನೋಡುತ್ತಾ ಕೂತರು. ‘ಒಂದೂವರೆ ವರ್ಷದಿಂದ ಅವರಿಗೆ ನೋಯಿಸ್ತಾ ಇದ್ದೀನಲ್ಲೇ. ಆಸ್ಪತ್ರೇಲಿ ಡಿಸ್ಚಾರ್ಜ್ ಮಾಡೋವಾಗ ಇಷ್ಟು ಹೇಳಬಾರದಿತ್ತಾ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ದಿನಾ ನನ್ನ ಪಾಠ ಮುಗಿದ ಮೇಲೆ ಅಮ್ಮನ ಪಾಠ. ವೀಲ್‌ಚೇರ್ ಅಪ್ಪನ ಶಕ್ತಿ ಇರುವ ಕಡೆ, ಬ್ರೇಕ್ ಹಾಕಿ. ಎತ್ತುವಾಗ ಕಂಕುಳಿಗೆ ಕೈ ಹಾಕಿ ಜಗ್ಗಬೇಡ, ಸೊಂಟಕ್ಕೆ ಕಟ್ಟುವ ಗೇಟ್ ಬೆಲ್ಟ್ ಆನ್‌ಲೈನ್‌ನಲ್ಲಿ ತರಿಸಿದ್ದೀನಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ನೋಡ್ಕೊ. ಬೆನ್ನಿನ ಕೆಳಗೆ ದಿನಾ ಚರ್ಮ ನೋಡು. ಪುಸ್ತಕದಲ್ಲಿ ‘ಕೆಂಪಾಗುತ್ತೆ’ ಅಂತ ಇರುತ್ತೆ, ನಮ್ಮ ಬಣ್ಣಕ್ಕೆ ಅದು ಕಾಣಿಸದೇ ಹೋಗಬಹುದು. ಸುತ್ತಲಿಗಿಂತ ಕಪ್ಪಾಗಿದೆಯಾ, ಮುಟ್ಟಿದರೆ ಬಿಸಿ ಅಥವಾ ಗಟ್ಟಿ ಅನ್ನಿಸುತ್ತಾ ನೋಡು.

ಮೂರನೇ ದಿನಕ್ಕೇ ಫೋಟೊ ಬಂತು. ಬೆನ್ನಿನ ಕೆಳಗೆ ರೂಪಾಯಿ ಅಗಲದ ಕಪ್ಪು. ಚರ್ಮ ಒಡೆದಿರಲಿಲ್ಲ. ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಗಾಯ ಆಗುವ ಮುಂಚೆ ಬಂದಿರಿ ಅಂದರಂತೆ. ಎರಡು ವಾರ ಅಮ್ಮ ರಾತ್ರಿಯೂ ಅಲಾರಂ ಇಟ್ಟು ಎದ್ದರು, ಕಪ್ಪು ಕರಗಿತು.

ನನ್ನ ಪರೀಕ್ಷೆಯೂ ಆಯಿತು. ಲಿಖಿತ ಒಂದು, ಕೈಕೆಲಸದ್ದು ಒಂದು. ಕೈಕೆಲಸದಲ್ಲಿ ಐದು ಬರುತ್ತವೆ, ಯಾವುದು ಅಂತ ಮೊದಲೇ ಗೊತ್ತಿರಲ್ಲ, ಕೈ ತೊಳೆಯೋದು ಮಾತ್ರ ಖಾಯಂ. ಸಿಂಕಿನಿಂದ ಒಂದು ಮೊಳ ದೂರ ನಿಂತು ತೊಳೆದೆ.

ಇದನ್ನು ಓದಿ ಯಾರಾದರೂ ಕೆಲಸ ಬಿಟ್ಟು ಸಿಎನ್ಎ ಆಗುತ್ತೇನೆ ಅಂದರೆ ಸಂಬಳದ ವಿಷಯವೂ ಹೇಳಿಬಿಡುತ್ತೇನೆ. 2023ರಲ್ಲಿ ಇಡೀ ಅಮೆರಿಕದಲ್ಲಿ ಇವರ ಮಧ್ಯಮ ವಾರ್ಷಿಕ ಸಂಬಳ ಸುಮಾರು 38 ಸಾವಿರ ಡಾಲರ್. ಬೇ ಏರಿಯಾದ ಬಾಡಿಗೆ ಗೊತ್ತಿರುವವರಿಗೆ ಉಳಿದದ್ದು ವಿವರಿಸಬೇಕಿಲ್ಲ. ನನ್ನ ಜೊತೆ ಓದಿದ ಒಬ್ಬಳು ಎರಡು ಕಡೆ ಶಿಫ್ಟ್ ಮಾಡುತ್ತಾಳೆ, ಸೊಂಟ ನೋವು ಆಗಲೇ ಶುರುವಾಗಿದೆ. ನನಗೆ ಇಎಡಿ ಬಂತು, ಮತ್ತೆ ಸಾಫ್ಟ್‌ವೇರ್ ಕೆಲಸವೂ ಸಿಕ್ಕಿತು. ನನಗೆ ವಾಪಸ್ ಹೋಗಲು ಒಂದು ಕುರ್ಚಿ ಇತ್ತು, ಅವಳಿಗಿಲ್ಲ. ಎರಡು ವರ್ಷ ಸಂಬಳಕ್ಕೆ ಕೆಲಸ ಮಾಡದಿದ್ದರೆ ಸರ್ಟಿಫಿಕೇಟ್ ಹೋಗುತ್ತೆ, ಹಾಗಾಗಿ ತಿಂಗಳಿಗೆ ಎರಡು ಶನಿವಾರ ನಾನೂ ಶಿಫ್ಟ್‌ಗೆ ಹೋಗುತ್ತೇನೆ.

ಊರಲ್ಲಿ ಇದಕ್ಕೆ ಹತ್ತಿರದ ಕೋರ್ಸ್ ಜನರಲ್ ಡ್ಯೂಟಿ ಅಸಿಸ್ಟೆಂಟ್, ಸ್ಕಿಲ್ ಇಂಡಿಯಾ ಅಡಿಯಲ್ಲಿ ಇದೆ. ಮನೆಗೆ ಬರುವ ಹುಡುಗಿಯನ್ನು ಅದಕ್ಕೆ ಸೇರಿಸೋಣ, ಫೀಸು ನಾನು ಕೊಡ್ತೀನಿ ಅಂದಿದ್ದೇನೆ. ಅವಳಿನ್ನೂ ಯೋಚನೆ ಮಾಡ್ತಿದ್ದಾಳೆ.

ಮೊನ್ನೆ ಶನಿವಾರ ಶಿಫ್ಟ್ ಮುಗಿಸಿ ಕಾರಿಗೆ ಬಂದು ಫೋನ್ ನೋಡಿದರೆ ಅಮ್ಮನ ವಾಯ್ಸ್ ಮೆಸೇಜ್: ‘ಪಕ್ಕದ ಮನೆಯವರ ಅತ್ತೆಗೂ ಲಕ್ವ ಆಗಿದೆ ಕಣೇ. ನನ್ನನ್ನ ಕರೆದಿದ್ದಾರೆ ಹೇಳಿಕೊಡಿ ಅಂತ. ಅವರದು ಎಡಗಡೆ ಹೋಗಿರೋದು. ರವಿಕೆ ಹಾಕೋವಾಗ ಎಡಗೈ ಮೊದಲು, ತೆಗೆಯೋವಾಗ ಬಲಗೈ. ಸರಿ ತಾನೆ? ಬೇಗ ಹೇಳು, ಕಾಯ್ತಿದ್ದಾರೆ.’