ಕಣ್ಣಳತೆಯೊಳಗಿನ ಆಕಾಶ

ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಥರ್ಮಾಕೋಲ್ ಹಾಳೆ, ಬಾಲ್ಸಾ ಕಡ್ಡಿ, ನಾಲ್ಕು ಸರ್ವೋ, ಒಂದು ಮೋಟಾರು ಜೋಡಿಸಿ ಒಂದೂಕಾಲು ಕಿಲೋ ತೂಗುವ ವಿಮಾನ ಕಟ್ಟಿದ್ದಾಳೆ ಅಂದುಕೊಳ್ಳಿ. ಭಾನುವಾರ ಬೆಳಿಗ್ಗೆ ಊರಾಚೆಯ ಬಯಲಿಗೆ ಒಯ್ದು ಹಾರಿಸುವ ಆಸೆ. ಅಪ್ಪನಿಗೆ ಪೊಲೀಸರ ಭಯ: ‘ಡ್ರೋನ್ ಹಾರಿಸಿದರೆ ಕೇಸು ಹಾಕ್ತಾರಂತೆ.’ ಗೆಳತಿಯರಿಗೆ ಆ ಭಯವೇ ಇಲ್ಲ: ‘ಇದು ಡ್ರೋನ್ ಅಲ್ಲವಲ್ಲ, ಆಟದ ವಿಮಾನ.’ ಎರಡೂ ಅರ್ಧ ನಿಜ. ಉಳಿದ ಅರ್ಧ ಏನು ಎಂಬುದು ಗೊತ್ತಿದ್ದರೆ ಹುಡುಗಿ ನಿಶ್ಚಿಂತೆಯಿಂದ ಹಾರಿಸಬಹುದು.

ಕಾನೂನಿನ ಕಣ್ಣಿಗೆ ನಾಲ್ಕು ಪ್ರೊಪೆಲ್ಲರ್‌ನ ಡ್ರೋನೂ ಒಂದೇ, ರೆಕ್ಕೆಯಿರುವ ಮಾದರಿ ವಿಮಾನವೂ ಒಂದೇ. ಒಳಗೆ ಪೈಲಟ್ ಕೂರದೆ, ನೆಲದ ಮೇಲೆ ನಿಂತು ನಡೆಸುವ ಹಾರುವ ಯಂತ್ರಗಳಿಗೆಲ್ಲ 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. ತೂಕದ ಪ್ರಕಾರ ಐದು ವರ್ಗಗಳಿವೆ: 250 ಗ್ರಾಂವರೆಗೆ ನ್ಯಾನೋ, ಅಲ್ಲಿಂದ 2 ಕಿಲೋವರೆಗೆ ಮೈಕ್ರೋ, 25 ಕಿಲೋವರೆಗೆ ಸ್ಮಾಲ್, 150 ಕಿಲೋವರೆಗೆ ಮೀಡಿಯಂ, ಅದಕ್ಕೂ ಮೇಲೆ ಲಾರ್ಜ್. ನಮ್ಮ ಹುಡುಗಿಯ ವಿಮಾನ ಮೈಕ್ರೋ. ದುಡ್ಡಿಗಾಗಿ ಅಲ್ಲದೆ ಹವ್ಯಾಸಕ್ಕೆ ಹಾರಿಸುವುದರಿಂದ ಅವಳಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ. ಅದೇ ವಿಮಾನಕ್ಕೆ ಕ್ಯಾಮೆರಾ ಕಟ್ಟಿ ಮದುವೆಯ ವಿಡಿಯೊ ತೆಗೆದು ಸಂಭಾವನೆ ಪಡೆದರೆ ಬೇಕು.

ಅವಳಿಗೆ ಅನುಕೂಲವಾದ ಇನ್ನೊಂದು ಮಾತೂ ಈ ನಿಯಮಗಳಲ್ಲಿದೆ. ಹಾರಿಸುವವರಲ್ಲೇ ಅನೇಕರು ಅದನ್ನು ಗಮನಿಸಿದಂತಿಲ್ಲ. ಕಲಿಕೆ, ಸಂಶೋಧನೆ, ವಿನ್ಯಾಸ, ಪರೀಕ್ಷೆ ಅಥವಾ ಮನರಂಜನೆಗೆ ಮಾತ್ರ ಬಳಸುವ, 25 ಕಿಲೋ ಮೀರದ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ ಯಂತ್ರವನ್ನು ‘ಮಾದರಿ’ ಎಂದು ಬೇರೆ ಮಾಡಿ, ಅದಕ್ಕೆ ಟೈಪ್ ಸರ್ಟಿಫಿಕೇಟ್ ಬೇಡ ಎಂದಿದ್ದಾರೆ. ಟೈಪ್ ಸರ್ಟಿಫಿಕೇಟ್ ಎಂದರೆ ಕಾರ್ಖಾನೆ ತಯಾರಿಸುವ ಒಂದು ಮಾದರಿಯನ್ನು ಪರೀಕ್ಷಿಸಿ ಕೊಡುವ ಪ್ರಮಾಣಪತ್ರ. ಮನೆಯ ಮೇಜಿನ ಮೇಲೆ ಒಂದೇ ಒಂದು ವಿಮಾನ ಕಟ್ಟಿದವಳನ್ನೂ ಅದಕ್ಕಾಗಿ ಕಾಯಿಸಿದ್ದರೆ ಈ ಹವ್ಯಾಸ ಅಲ್ಲಿಗೇ ಮುಗಿಯುತ್ತಿತ್ತು. ಆದರೂ 250 ಗ್ರಾಂ ದಾಟಿದ ಯಂತ್ರವನ್ನು ಸರ್ಕಾರದ ಆನ್‌ಲೈನ್ ವೇದಿಕೆಯಲ್ಲಿ ನೋಂದಾಯಿಸಿ ಗುರುತಿನ ಸಂಖ್ಯೆ ಪಡೆಯಬೇಕು. ಶುಲ್ಕ 100 ರೂಪಾಯಿ. ಮೂರನೆಯವರಿಗೆ ಹಾನಿಯಾದರೆ ಪರಿಹಾರ ಕೊಡುವ ವಿಮೆಯೂ ಇರಬೇಕು. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ.

ಇಷ್ಟು ಯಂತ್ರದ ಮಾತು. ಅದಕ್ಕಿಂತ ಮುಖ್ಯವಾದದ್ದು ಜಾಗದ ಮಾತು. ದೇಶದ ಆಕಾಶವನ್ನು ‘ಡಿಜಿಟಲ್ ಸ್ಕೈ’ ಎಂಬ ಸರ್ಕಾರಿ ನಕ್ಷೆಯ ಮೇಲೆ ಹಸಿರು, ಹಳದಿ, ಕೆಂಪು ಎಂದು ಮೂರಾಗಿ ಹಂಚಿದ್ದಾರೆ. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಯಾರ ಅನುಮತಿಯೂ ಬೇಡ. ವಿಮಾನ ನಿಲ್ದಾಣದ ಸರಹದ್ದಿನಿಂದ 8ರಿಂದ 12 ಕಿಲೋಮೀಟರ್ ದೂರದಲ್ಲಿ ಈ ಮಿತಿ 200 ಅಡಿಗೆ ಇಳಿಯುತ್ತದೆ. 8 ಕಿಲೋಮೀಟರಿಗಿಂತ ಹತ್ತಿರ ಬಂದರೆ ನೆಲ ಬಿಟ್ಟು ಏಳುವುದಕ್ಕೂ ಅನುಮತಿ ಬೇಕು. ಹಳದಿಯಲ್ಲಿ ಏರ್ ಟ್ರಾಫಿಕ್ ಕಂಟ್ರೋಲ್‌ನವರ ಒಪ್ಪಿಗೆ, ಕೆಂಪಿನಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ.

ಬೆಂಗಳೂರಿನವರಿಗೆ ಇದು ಸಣ್ಣ ತೊಡಕಲ್ಲ. ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿ, ಹೀಗೆ ನಾಲ್ಕು ಕಡೆ ರನ್‌ವೇಗಳಿವೆ. ಒಂದೊಂದರ ಸುತ್ತಲೂ ವೃತ್ತ ಎಳೆದರೆ ನಗರದ ಪೂರ್ವ ಮತ್ತು ಉತ್ತರದ ಬಹುಭಾಗ ಅದರೊಳಗೇ ಬೀಳುತ್ತದೆ. ಸಾಲದ್ದಕ್ಕೆ, ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಆದೇಶದ ಮೇಲೆ ಯಾವುದೇ ಜಾಗವನ್ನು ಒಂದು ಸಲಕ್ಕೆ 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯ ಮಾಡಬಹುದು. ಆದ್ದರಿಂದ ನಕ್ಷೆಯನ್ನು ಒಮ್ಮೆ ನೋಡಿಕೊಂಡರೆ ಸಾಲದು. ಹಾರಿಸುವ ದಿನ ಮತ್ತೆ ನೋಡಬೇಕು.

400 ಅಡಿ ಏಕೆ ಎಂದರೆ, ಅನೇಕ ದೇಶಗಳಲ್ಲಿ ಜನರನ್ನು ಹೊತ್ತ ವಿಮಾನಗಳು ಇಳಿಯುವ ಏರುವ ಹೊತ್ತು ಬಿಟ್ಟು ಸಾಮಾನ್ಯವಾಗಿ 500 ಅಡಿಗಿಂತ ಕೆಳಗೆ ಬರುವಂತಿಲ್ಲ. ನಡುವಿನ 100 ಅಡಿ ಇಬ್ಬರಿಗೂ ಸೇರದ ಜಾಗ. ಸರಳವಾದ, ಒಳ್ಳೆಯ ನಿಯಮ ಇದು.

250 ಗ್ರಾಂ ಎಂಬ ಗೆರೆಯ ಕತೆ ಅಷ್ಟು ಸರಳವಲ್ಲ. ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ 2015ರಲ್ಲಿ ಡ್ರೋನ್ ನೋಂದಣಿಗೆ ತೂಕದ ಮಿತಿ ಸೂಚಿಸಲು ಒಂದು ಸಮಿತಿ ನೇಮಿಸಿತ್ತು. ತಲೆಗೆ ಬಿದ್ದ ವಸ್ತುವಿನ ಚಲನಶಕ್ತಿ ಎಷ್ಟಿದ್ದರೆ ಪ್ರಾಣಕ್ಕೆ ಅಪಾಯ ಎಂಬ ಪ್ರಶ್ನೆಯಿಂದ ಅವರು ಲೆಕ್ಕ ಶುರುಮಾಡಿದರು. 80 ಜೂಲ್ ಎಂಬ ಅಂಕೆಯನ್ನು ಹಿಡಿದರು. ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಬೀಳುವ 250 ಗ್ರಾಂ ವಸ್ತುವಿನ ಶಕ್ತಿ ಸುಮಾರು 78 ಜೂಲ್. ಗೆರೆ ಬಿದ್ದದ್ದು ಅಲ್ಲಿ. ಕೆನಡಾ, ಯೂರೋಪ್, ಭಾರತಗಳ ನಿಯಮಗಳಲ್ಲೂ ಇದೇ 250 ಗ್ರಾಂ ಕಾಣಿಸಿಕೊಂಡಿತು. ತಯಾರಕರು 249 ಗ್ರಾಂ ತೂಗುವ ಡ್ರೋನ್‌ಗಳನ್ನು ಮಾಡತೊಡಗಿದರು.

ಆದರೆ ಲೆಕ್ಕದ ಬುಡದಲ್ಲಿದ್ದದ್ದು ನೆಲದ ಮೇಲೆ ನಿಂತ ಮನುಷ್ಯನ ತಲೆ, ಆಕಾಶದಲ್ಲಿ ಹಾರುವ ವಿಮಾನದ ರೆಕ್ಕೆಯಲ್ಲ. 2025ರ ಜನವರಿ 9ರಂದು ಲಾಸ್ ಏಂಜಲೀಸ್ ಬಳಿಯ ಪ್ಯಾಲಿಸೇಡ್ಸ್ ಕಾಳ್ಗಿಚ್ಚಿನ ಮೇಲೆ ನೀರು ಸುರಿಯುತ್ತಿದ್ದ, ಕೆನಡಾದ ಕ್ವಿಬೆಕ್‌ನಿಂದ ನೆರವಿಗೆ ಬಂದಿದ್ದ ‘ಸೂಪರ್ ಸ್ಕೂಪರ್’ ವಿಮಾನಕ್ಕೆ ಹವ್ಯಾಸಿಯೊಬ್ಬರ ಡ್ರೋನ್ ಬಡಿಯಿತು. ಎಡ ರೆಕ್ಕೆಯಲ್ಲಿ ಸುಮಾರು 3 ಅಂಗುಲ ಅಗಲ, 6 ಅಂಗುಲ ಉದ್ದದ ತೂತು. ಬೆಂಕಿ ಉರಿಯುತ್ತಿರುವಾಗಲೇ ಆ ವಿಮಾನವನ್ನು ರಿಪೇರಿಗೆ ಕಳಿಸಬೇಕಾಯಿತು. ಡ್ರೋನ್ ಯಾವುದು? ಸಾಮಾನ್ಯ ಬ್ಯಾಟರಿ ಹಾಕಿದರೆ 249 ಗ್ರಾಂ ತೂಗುವ ಡಿಜೆಐ ಮಿನಿ 3 ಪ್ರೊ. ಅದನ್ನು ಹಾರಿಸಿದ್ದು ಸಾಂಟಾ ಮೋನಿಕಾದ ಒಂದು ಪಾರ್ಕಿಂಗ್ ಕಟ್ಟಡದ ಮೇಲಿಂದ. ಬೆಂಕಿ ನೋಡಬೇಕೆಂದು ಎರಡೂವರೆ ಕಿಲೋಮೀಟರ್ ದೂರ ಕಳಿಸಿದ್ದರು. ಅಷ್ಟು ದೂರಕ್ಕೆ ಅದು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಆ ಪ್ರದೇಶದ ಮೇಲೆ ಹಾರಾಟ ನಿಷೇಧವೂ ಇತ್ತು.

ಇಲ್ಲಿ ಸೋತದ್ದು ತೂಕದ ನಿಯಮವಲ್ಲ, ಕಣ್ಣಳತೆಯ ನಿಯಮ. 25 ಸೆಂಟಿಮೀಟರ್ ಅಗಲದ ಡ್ರೋನ್ 500 ಮೀಟರ್ ದೂರ ಹೋದರೆ, ಒಂದು ಮೀಟರ್ ಆಚೆ ಹಿಡಿದ ಕಾಗದದ ಮೇಲಿನ ಅರ್ಧ ಮಿಲಿಮೀಟರ್ ಚುಕ್ಕೆಯಷ್ಟು ಕಾಣುತ್ತದೆ. ಚುಕ್ಕೆ ಇದೆ ಎಂದು ಗೊತ್ತಾದೀತು; ಅದರ ಮುಖ ಯಾವ ಕಡೆಗಿದೆ, ಹಿಂದಿನಿಂದ ಹೆಲಿಕಾಪ್ಟರ್ ಬರುತ್ತಿದೆಯೇ ಎಂಬುದು ಗೊತ್ತಾಗದು. ಮೊಬೈಲ್ ಪರದೆ ತೋರಿಸುವುದು ಡ್ರೋನಿನ ಮುಂದಿರುವುದನ್ನು ಮಾತ್ರ. ಹಾರಿಸುವವರು ಯಂತ್ರವನ್ನು ತಮ್ಮ ಕಣ್ಣಿಂದಲೇ ನೋಡುತ್ತ, ಸುತ್ತಲಿನ ಆಕಾಶಕ್ಕೆ ಕಿವಿಗೊಟ್ಟು ನಿಂತಿದ್ದರೆ ಇಂಥ ಡಿಕ್ಕಿಗಳಲ್ಲಿ ಹೆಚ್ಚಿನವು ಆಗುವುದೇ ಇಲ್ಲ. ಎಲ್ಲಿ, ಎಷ್ಟು ಎತ್ತರ, ಎಷ್ಟು ದೂರ ಎಂಬ ಮೂರು ನಿಯಮಗಳಲ್ಲಿ ಸರ್ಕಾರ ಕಟ್ಟುನಿಟ್ಟಾಗಿರಲಿ. ಯಂತ್ರದ ಕಾಗದಪತ್ರಗಳ ವಿಷಯದಲ್ಲಿ ಉದಾರವಾಗಿರಲಿ. ನನ್ನ ವಾದ ಇಷ್ಟೇ.

ಹಿಂದೆ ಈ ಪ್ರಶ್ನೆ ಇಷ್ಟು ಬಿಗಡಾಯಿಸಿರಲಿಲ್ಲ. ಅಮೆರಿಕದ ಮಾದರಿ ವಿಮಾನ ಹವ್ಯಾಸಿಗಳ ಸಂಘ 1936ರಿಂದ ಇದೆ. ಎಫ್‌ಎಎ 1981ರಲ್ಲಿ ಹೊರಡಿಸಿದ ಸಲಹಾ ಸುತ್ತೋಲೆಯೂ ಕಡ್ಡಾಯವಾಗಿರಲಿಲ್ಲ: 400 ಅಡಿ ಮೀರಬೇಡಿ, ವಿಮಾನ ನಿಲ್ದಾಣ ಹತ್ತಿರವಿದ್ದರೆ ಅಲ್ಲಿನವರಿಗೆ ತಿಳಿಸಿ ಎಂಬಷ್ಟೇ ಮಾತು. ಮೂರು ದಶಕ ಅದರಲ್ಲೇ ನಡೆಯಿತು. ಹಾರಿಸುವುದು ಕಷ್ಟವಾಗಿದ್ದದ್ದೇ ಅದಕ್ಕೆ ಕಾರಣ ಎನ್ನಬೇಕು. ರೆಕ್ಕೆಯ ವಿಮಾನ ನಿಮ್ಮ ಕಡೆ ಮುಖ ಮಾಡಿ ಬರುವಾಗ ಎಡ ಬಲ ಅದಲುಬದಲಾಗುತ್ತದೆ. ಹೊಸಬರು ಕ್ಷಣಾರ್ಧದಲ್ಲಿ ನೆಲಕ್ಕೆ ಅಪ್ಪಳಿಸುತ್ತಾರೆ. ಹಾಗಾಗಿ ಕಲಿಯಬೇಕಾದರೆ ಒಬ್ಬ ಗುರುವನ್ನು, ಒಂದು ಬಯಲನ್ನು, ಒಂದು ಕ್ಲಬ್ಬನ್ನು ಹುಡುಕಿಕೊಂಡು ಹೋಗಲೇಬೇಕಿತ್ತು. ಅಲ್ಲಿ ಹಾರಿಸುವುದರ ಜೊತೆ ಎಚ್ಚರವೂ ಬರುತ್ತಿತ್ತು. ಜಿಪಿಎಸ್ ಮತ್ತು ಸ್ವಯಂ ಸ್ಥಿರತೆಯ ಚಿಪ್‌ಗಳು ಬಂದ ಮೇಲೆ ಡಬ್ಬಿ ತೆರೆದ ಹತ್ತು ನಿಮಿಷಕ್ಕೆ ಯಾರು ಬೇಕಾದರೂ ಹಾರಿಸಬಹುದಾಯಿತು. ಗುರುವಿನ ಅಗತ್ಯ ಹೋಯಿತು, ಗುರು ಕಲಿಸುತ್ತಿದ್ದ ಎಚ್ಚರವೂ ಅದರ ಜೊತೆಗೇ ಹೋಯಿತು.

ಆ ಎಚ್ಚರ ಎಂಥದ್ದು ಎಂದು ಹತ್ತಿರದಿಂದ ನೋಡಿ. ವಿಮಾನ ಕಟ್ಟಿ ಮುಗಿದ ಮೇಲೆ ರೆಕ್ಕೆಯ ಕೆಳಗೆ, ಮುಂಭಾಗದ ಅಂಚಿನಿಂದ ರೆಕ್ಕೆಯಗಲದ ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ, ಎರಡೂ ಕಡೆ ಒಂದೊಂದು ಬೆರಳಿಟ್ಟು ಎತ್ತಬೇಕು. ಮೂಗು ಕೊಂಚವೇ ಕೆಳಗೆ ವಾಲಿದರೆ ಸರಿ. ಬಾಲ ಕುಸಿದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಬೇಕು. ಬಾಲ ಭಾರದ ವಿಮಾನ ಮೇಲೆದ್ದ ಕೂಡಲೇ ಹಿಡಿತ ತಪ್ಪುತ್ತದೆ. ಆಮೇಲೆ ಟ್ರಾನ್ಸ್‌ಮಿಟರನ್ನು ಕಡಿಮೆ ಶಕ್ತಿಯ ರೇಂಜ್ ಚೆಕ್‌ಗೆ ಹಾಕಿ ಮೂವತ್ತು ಹೆಜ್ಜೆ ದೂರ ನಡೆದು, ರೆಕ್ಕೆ ಬಾಲಗಳ ಪಟ್ಟಿಗಳು ತಡವರಿಸದೆ ಆಡುತ್ತವೆಯೇ ಎಂದು ನೋಡಬೇಕು.

ಕೊನೆಯದು ಫೇಲ್‌ಸೇಫ್ ಪರೀಕ್ಷೆ. ಇದನ್ನು ಬಿಡಲೇಬಾರದು. ಮೊದಲು ಪ್ರೊಪೆಲ್ಲರ್ ಬಿಚ್ಚಿಡಿ. ಇನ್ನೊಬ್ಬರು ವಿಮಾನವನ್ನು ಗಟ್ಟಿಯಾಗಿ ಹಿಡಿದಿರಲಿ. ಥ್ರಾಟಲ್ ಅರ್ಧಕ್ಕೆ ಏರಿಸಿ, ಮೋಟಾರು ತಿರುಗುತ್ತಿರುವಾಗಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಒಂದೆರಡು ಸೆಕೆಂಡಿನಲ್ಲಿ ಮೋಟಾರು ನಿಲ್ಲಬೇಕು. ನಿಲ್ಲದಿದ್ದರೆ ರಿಸೀವರ್ ಕೊನೆಗೆ ಸಿಕ್ಕ ಆಜ್ಞೆಯನ್ನೇ ಹಿಡಿದುಕೊಂಡಿದೆ ಎಂದರ್ಥ. ಸಂಪರ್ಕ ಕಡಿದ ದಿನ ಆ ವಿಮಾನ ಬ್ಯಾಟರಿ ಮುಗಿಯುವವರೆಗೂ ತನ್ನ ಪಾಡಿಗೆ ಹೋಗುತ್ತಲೇ ಇರುತ್ತದೆ, ಅದು ಶಾಲೆಯ ಕಡೆಗಾದರೂ ಸರಿ, ಹೆದ್ದಾರಿಯ ಕಡೆಗಾದರೂ ಸರಿ. ರಿಸೀವರಿನ ಸೆಟ್ಟಿಂಗ್ ಬದಲಿಸಿ, ಥ್ರಾಟಲ್ ಸೊನ್ನೆಗೆ ಬರುವಂತೆ ಮಾಡಿ, ಮತ್ತೆ ಪರೀಕ್ಷಿಸುವವರೆಗೆ ಹಾರಿಸಬಾರದು.

ಇವನ್ನು ಯಾವ ಅಧಿಕಾರಿಯೂ ಬಯಲಿಗೆ ಬಂದು ಪರೀಕ್ಷಿಸುವುದಿಲ್ಲ. ಪರೀಕ್ಷಿಸುವವರು ಕ್ಲಬ್ಬಿನ ಹಿರಿಯರು, ಕಾಲೇಜಿನ ಸೀನಿಯರ್‌ಗಳು, ಎನ್‌ಸಿಸಿ ಏರ್ ವಿಂಗ್‌ನಲ್ಲಿ ಏರೋಮಾಡೆಲಿಂಗ್ ಕಲಿಸುವವರು. ಇಂಥವರ ಗುಂಪುಗಳು ಬಾಳಿದಷ್ಟೂ ಆಕಾಶ ಸುರಕ್ಷಿತ. ನಿಯಮಗಳ ಭಾರಕ್ಕೆ ಗುಂಪುಗಳು ಚದುರಿದರೆ ಹಾರಿಸುವ ಆಸೆ ಹೋಗುವುದಿಲ್ಲ, ಒಬ್ಬೊಬ್ಬರೇ ಕದ್ದು ಹಾರಿಸುತ್ತಾರೆ.

ಅಮೆರಿಕದಲ್ಲಿ ಈ ಜಗ್ಗಾಟ ಬಹಿರಂಗವಾಗಿಯೇ ನಡೆಯಿತು. 2015ರ ಡಿಸೆಂಬರ್‌ನಲ್ಲಿ ಹವ್ಯಾಸಿಗಳಿಗೂ ನೋಂದಣಿ ಕಡ್ಡಾಯವಾಯಿತು. ಮಾದರಿ ವಿಮಾನಗಳ ಮೇಲೆ ಎಫ್‌ಎಎ ಹೊಸ ನಿಯಮ ಹೇರುವಂತಿಲ್ಲ ಎಂದು ಸಂಸತ್ತು 2012ರಲ್ಲೇ ಕಾನೂನು ಮಾಡಿತ್ತು. ಅದನ್ನೇ ಹಿಡಿದು ಹವ್ಯಾಸಿಯೊಬ್ಬರು ಕೋರ್ಟಿಗೆ ಹೋಗಿ 2017ರ ಮೇನಲ್ಲಿ ಗೆದ್ದರು. ಅದೇ ಡಿಸೆಂಬರ್‌ನಲ್ಲಿ ಸಂಸತ್ತು ನೋಂದಣಿಯನ್ನು ಮರಳಿ ತಂದಿತು, ಮರುವರ್ಷ 2012ರ ವಿನಾಯಿತಿಯನ್ನೇ ತೆಗೆದುಹಾಕಿತು. ಆಮೇಲೆ ಬಂದದ್ದು ರಿಮೋಟ್ ಐಡಿ: ಹಾರುತ್ತಿರುವ ಯಂತ್ರ ತನ್ನ ಗುರುತು, ಸ್ಥಳ, ಹಾರಿಸುವವರ ಸ್ಥಳವನ್ನು ರೇಡಿಯೊ ಮೂಲಕ ಬಿತ್ತರಿಸುತ್ತಿರಬೇಕು. 2019ರ ಕರಡಿನಲ್ಲಿ ಇಂಟರ್‌ನೆಟ್ ಸಂಪರ್ಕವೂ ಬೇಕೆಂದಿತ್ತು. 53,000ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ಅಂತಿಮ ನಿಯಮದಲ್ಲಿ ಇಂಟರ್‌ನೆಟ್ ಷರತ್ತು ಬಿದ್ದುಹೋಯಿತು. ಕ್ಲಬ್ಬುಗಳು ಮತ್ತು ಶಿಕ್ಷಣ ಸಂಸ್ಥೆಗಳು ಗುರುತಿಸಿ ಅನುಮತಿ ಪಡೆದ ಬಯಲುಗಳಲ್ಲಿ ರಿಮೋಟ್ ಐಡಿ ಇಲ್ಲದೆಯೇ, ಕಣ್ಣಳತೆಯಲ್ಲಿ ಹಾರಿಸುವ ಅವಕಾಶ ಉಳಿಯಿತು. ಯೂರೋಪಿನ ನಿಯಮವೂ ಮಾದರಿ ವಿಮಾನ ಸಂಘಗಳಿಗೆ ಬೇರೆಯದೇ ಅನುಮತಿ ಕೊಡಲು ದಾರಿ ಇಟ್ಟಿದೆ.

ನಮ್ಮಲ್ಲಿ ಬಂದ ದಾರಿ ಬೇರೆ. 2014ರ ಅಕ್ಟೋಬರ್‌ನಲ್ಲಿ ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ನಾಗರಿಕರ ಡ್ರೋನ್ ಬಳಕೆಯನ್ನೇ ತಡೆಯಿತು. ಆ ಬಾಗಿಲು ತೆರೆದದ್ದು 2018ರ ಡಿಸೆಂಬರ್ 1ರಂದು. 2021ರ ಮಾರ್ಚ್‌ನಲ್ಲಿ ಬಂದ ನಿಯಮಗಳು 25 ಫಾರಂಗಳನ್ನೂ 72 ಬಗೆಯ ಶುಲ್ಕಗಳನ್ನೂ ಹೊತ್ತುಕೊಂಡಿದ್ದವು. ಐದೇ ತಿಂಗಳಲ್ಲಿ ಅವನ್ನು ಕೈಬಿಟ್ಟು 5 ಫಾರಂ, 4 ಶುಲ್ಕಗಳಿಗೆ ಇಳಿಸಿದರು. ನಡುವೆ, ಜೂನ್ 27ರಂದು, ಜಮ್ಮುವಿನ ವಾಯುನೆಲೆಯ ಮೇಲೆ ಡ್ರೋನ್ ಬಳಸಿ ಸ್ಫೋಟಕ ಬೀಳಿಸಿದ ದಾಳಿ ನಡೆದಿತ್ತು. ಆ ಭಯದ ನಡುವೆಯೂ ಎರಡೇ ತಿಂಗಳಲ್ಲಿ ಉದಾರ ನಿಯಮ ತಂದವರ ಧೈರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕೇಡು ಬಗೆಯುವವರು ನೋಂದಣಿಯ ಫಾರಂ ತುಂಬುವುದಿಲ್ಲ. ಫಾರಂ ಹೆಚ್ಚಿದರೆ ಕಷ್ಟಪಡುವುದು ನಿಯಮ ಪಾಲಿಸುವವರೇ.

ಆದರೆ 2025ರ ಸೆಪ್ಟೆಂಬರ್‌ನಲ್ಲಿ ನಾಗರಿಕ ವಿಮಾನಯಾನ ಸಚಿವಾಲಯ ಅಭಿಪ್ರಾಯಕ್ಕೆಂದು ಹೊರಬಿಟ್ಟ ನಾಗರಿಕ ಡ್ರೋನ್ ಮಸೂದೆಯ ಕರಡು ಮತ್ತೆ ಬಿಗಿಯ ಕಡೆ ವಾಲಿದೆ. ಅದರಲ್ಲಿ ದಂಡದ ಜೊತೆ ಜೈಲು ಶಿಕ್ಷೆಯ ಮಾತೂ ಇದೆ. ವಿಮಾನದ ದಾರಿಗೆ ಅಡ್ಡಬರುವವರಿಗೆ ಕಠಿಣ ಶಿಕ್ಷೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ನೋಂದಣಿ ಮರೆತ ವಿದ್ಯಾರ್ಥಿಯನ್ನೂ ಅದೇ ತಕ್ಕಡಿಯಲ್ಲಿ ತೂಗಬಾರದು.

ಪರಿಹಾರದ ಬೀಜ 2021ರ ನಿಯಮಗಳಲ್ಲೇ ಇದೆ. ಸಂಶೋಧನೆ ಮಾಡುವ ಶಿಕ್ಷಣ ಸಂಸ್ಥೆಗಳು, ಮಾನ್ಯತೆ ಪಡೆದ ಸ್ಟಾರ್ಟ್‌ಅಪ್‌ಗಳು ತಮ್ಮ ಆವರಣದಲ್ಲಿ ಅಥವಾ ತಮ್ಮ ಹತೋಟಿಯಲ್ಲಿರುವ ಬಯಲಿನಲ್ಲಿ, ಅದು ಹಸಿರು ವಲಯದಲ್ಲಿದ್ದರೆ, ಟೈಪ್ ಸರ್ಟಿಫಿಕೇಟ್, ಗುರುತಿನ ಸಂಖ್ಯೆ, ಪೈಲಟ್ ಪತ್ರ ಯಾವುದೂ ಇಲ್ಲದೆ ಹಾರಿಸಬಹುದು. ಕಾಲೇಜಿನ ಮೈದಾನಕ್ಕೆ ಕೊಟ್ಟ ಈ ನಂಬಿಕೆಯನ್ನು ಹವ್ಯಾಸಿ ಕ್ಲಬ್ಬಿನ ಬಯಲಿಗೂ ಕೊಡಬಹುದು. ಜಿಲ್ಲೆಗೊಂದು ಹಸಿರು ವಲಯದ ಬಯಲನ್ನು ಗುರುತಿಸಿ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ತೋರಿಸಲಿ. ಜವಾಬ್ದಾರಿ ಹೊರುವ ಕ್ಲಬ್ಬಿನ ಹೆಸರು ಅಲ್ಲಿರಲಿ, ಒಂದೇ ಗುಂಪು ವಿಮೆ ಎಲ್ಲ ಸದಸ್ಯರನ್ನೂ ಕಾಯಲಿ. ಎತ್ತರದ ಮಿತಿ ಮತ್ತು ಕಣ್ಣಳತೆಯ ಷರತ್ತು ಸಡಿಲವಾಗದಿರಲಿ. ಹಾರಿಸುವ ಹೊತ್ತಿಗೆ ಆಕಾಶ ನೋಡಿಕೊಳ್ಳಲೆಂದೇ ಒಬ್ಬರು ನಿಂತಿರಲಿ. ಅಪಘಾತವಾದರೆ 48 ಗಂಟೆಯೊಳಗೆ ವರದಿ ಮಾಡಬೇಕೆಂಬ ಈಗಿನ ನಿಯಮವನ್ನು ಕ್ಲಬ್ಬೇ ಪಾಲಿಸಲಿ, ಹೊಸ ವಿಮಾನದ ಫೇಲ್‌ಸೇಫ್ ಪರೀಕ್ಷೆಗೆ ಸಹಿ ಹಾಕುವ ಪುಸ್ತಕವೊಂದು ಬಯಲಿನಲ್ಲೇ ಇರಲಿ.