ಹಿಮದೂರಿನ ತುಳಸಿಗೆ ಹದಿನಾರು ಗಂಟೆಯ ಹಗಲು

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ರಾಜಧಾನಿ ಎಡ್ಮಂಟನ್ ಸುಮಾರು 53.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಮೂರನೆಯ ವಾರದಲ್ಲಿ ಇಲ್ಲಿ ಸೂರ್ಯೋದಯವಾಗುವುದು ಬೆಳಿಗ್ಗೆ 8.50ರ ಸುಮಾರಿಗೆ, ಸಂಜೆ 4.15ರ ಹೊತ್ತಿಗೆ ಅಸ್ತಮಾನ. ಏಳೂವರೆ ಗಂಟೆಯಷ್ಟೂ ಇಲ್ಲದ ಆ ಹಗಲಿನಲ್ಲಿ ನಡುಮಧ್ಯಾಹ್ನದ ಸೂರ್ಯನೂ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲೇರುತ್ತಾನೆ. ಬೆಂಗಳೂರಿನಲ್ಲಿ ಅದೇ ದಿನ ಹನ್ನೊಂದು ಗಂಟೆಗೂ ಮಿಕ್ಕಿ ಬೆಳಕಿರುತ್ತದೆ, ಸೂರ್ಯ 53 ಡಿಗ್ರಿಗಿಂತ ಎತ್ತರದಲ್ಲಿರುತ್ತಾನೆ. ಈ ಎರಡು ಊರುಗಳ ಅಂತರವನ್ನು ನಾವು ವಿಮಾನಯಾನದ ಗಂಟೆಗಳಲ್ಲಿ ಅಳೆಯುತ್ತೇವೆ. ಕುಂಡದಲ್ಲಿರುವ ತುಳಸಿಗಿಡ ಅದನ್ನು ಬೆಳಕಿನಲ್ಲಿ ಅಳೆಯುತ್ತದೆ.

ಇಲ್ಲಿಯ ಕನ್ನಡಿಗರ ಮನೆಗಳಲ್ಲಿ ಚಳಿಗಾಲದ ನಡುವೆ ತುಳಸಿ ಒಣಗುವುದು ಅಪರೂಪದ ಸಂಗತಿಯಲ್ಲ. ಆದರೆ ಅದನ್ನು ಊರಿಗೆ ತಿಳಿಸುವುದು ಸುಲಭವಲ್ಲ. ಒಣಗಿದ ತುಳಸಿ ಮನೆಗೆ ಒಳ್ಳೆಯದಲ್ಲವೆಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಶಿವಮೊಗ್ಗದಿಂದ ನಮ್ಮ ಅತ್ತೆಯವರು ಕರೆ ಮಾಡಿದಾಗಲೆಲ್ಲ ಮಕ್ಕಳ ಯೋಗಕ್ಷೇಮ ಕೇಳಿದ ಮೇಲಿನ ಪ್ರಶ್ನೆ ಒಂದೇ: ‘ತುಳಸಿ ಚೆನ್ನಾಗಿದೆಯೇನಮ್ಮಾ?’ ಹೊಸದಾಗಿ ಬಂದ ಸೊಸೆಯೊಬ್ಬಳು ಈ ಪ್ರಶ್ನೆಗೆ ಹೆದರಿ ಫೋನಿನ ಕ್ಯಾಮೆರಾವನ್ನು ಕಿಟಕಿಯತ್ತ ತಿರುಗಿಸದೇ ಇರುವುದನ್ನು ನಾನು ಕಂಡಿದ್ದೇನೆ. ಅವಳ ಮನೆಗೆ ಯಾವ ಅಶುಭವೂ ತಟ್ಟಿರಲಿಲ್ಲ. ಉತ್ತರ ದಿಕ್ಕಿಗೆ ಮುಖ ಮಾಡಿದ ಕಿಟಕಿಯಷ್ಟೇ ಅಲ್ಲಿದ್ದ ದೋಷ. ಊರಿನಲ್ಲಿರುವ ಹಿರಿಯರು ಇದನ್ನು ತಿಳಿಯಲೆಂಬುದೇ ಈ ಬರಹದ ಮೊದಲ ಉದ್ದೇಶ.

ತುಳಸಿ ಉಷ್ಣವಲಯದ ಸಸ್ಯ. ಅದರ ಬಂಧುವಾದ ಬೇಸಿಲ್, ಅಂದರೆ ನಮ್ಮ ಕಾಮಕಸ್ತೂರಿಯೂ ಹಾಗೆಯೇ. ತಾಪಮಾನ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಇವುಗಳ ಎಲೆಗಳಿಗೆ ಚಳಿಯ ಪೆಟ್ಟು ಬೀಳುತ್ತದೆ. ಫ್ರಿಜ್ಜಿನಲ್ಲಿಟ್ಟ ಬೇಸಿಲ್ ಸೊಪ್ಪು ಕಪ್ಪಾಗುವುದು ಇದೇ ಕಾರಣಕ್ಕೆ. ಹೊರಗೆ ಮೈನಸ್ 30 ಡಿಗ್ರಿ ಇರುವ ರಾತ್ರಿ ಕೋಣೆ ಬೆಚ್ಚಗಿದ್ದರೂ ಕಿಟಕಿಯ ಗಾಜು ತಣ್ಣಗಿರುತ್ತದೆ, ಅದಕ್ಕೆ ತಾಗಿದ ಎಲೆ ಬೆಳಗಾಗುವುದರೊಳಗೆ ಬಾಡುತ್ತದೆ. ಹೀಟರಿನ ಒಣಗಾಳಿಯದು ಇನ್ನೊಂದು ಕಾಟ. ಇವೆಲ್ಲಕ್ಕೂ ಮಿಗಿಲಾದುದು ಬೆಳಕಿನ ಅಭಾವ. ಬೆಳಕು ಕಡಿಮೆಯಾದ ಗಿಡ ಹೆಚ್ಚು ನೀರನ್ನು ಹೀರಲಾರದು. ಆದರೆ ನಾವು ರೂಢಿಯಂತೆ ದಿನವೂ ಒಂದು ತಂಬಿಗೆ ನೀರೆರೆಯುತ್ತೇವೆ. ಅಂಗಳದ ಬೃಂದಾವನದಲ್ಲಿ ಬಿಸಿಲಿಗೆ ಆರಿಹೋಗುತ್ತಿದ್ದ ಆ ನೀರು ಇಲ್ಲಿ ಕುಂಡದಲ್ಲೇ ನಿಂತು ಬೇರನ್ನು ಕೊಳೆಸುತ್ತದೆ. ನಮ್ಮ ಮನೆಯಲ್ಲಿ ಚಳಿಗಾಲದ ನಿತ್ಯಪೂಜೆಗೆ ಉದ್ಧರಣೆಯಲ್ಲಿ ಹಾಕುವ ನೀರಷ್ಟೇ. ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ತೋರಿದ ದಿನ ಮಾತ್ರ ಲೋಟದಲ್ಲಿ ನೀರು.

ಹೀಗಾಗಿ ಈ ನಾಡಿನಲ್ಲಿ ಒಂದೇ ಗಿಡವನ್ನು ವರ್ಷಗಟ್ಟಲೆ ಕಾಪಾಡುವ ಹಟಕ್ಕಿಂತ ಪ್ರತಿ ವರ್ಷ ಬೀಜದಿಂದ ಹೊಸ ಗಿಡವನ್ನು ಎಬ್ಬಿಸಿಕೊಳ್ಳುವುದೇ ವಿವೇಕ. ಊರಿನಿಂದ ಗಿಡವನ್ನೇ ತರುವ ಆಸೆಯನ್ನಂತೂ ಬಿಡಬೇಕು. ಭಾರತದ ಮಣ್ಣನ್ನು ಕೆನಡಾದೊಳಗೆ ತರಲು ಪ್ರವಾಸಿಗರಿಗೆ ಅವಕಾಶವಿಲ್ಲ. ಗಿಡ, ಬೀಜಗಳಿಗೂ ನಿಯಮಗಳಿವೆ. ಪೆಟ್ಟಿಗೆಯಲ್ಲಿರುವುದನ್ನು ವಿಮಾನನಿಲ್ದಾಣದಲ್ಲಿ ಘೋಷಿಸಲೇಬೇಕು. 2020ರಲ್ಲಿ ಅಮೆರಿಕ ಮತ್ತು ಕೆನಡಾದ ಅನೇಕರಿಗೆ ವಿದೇಶದಿಂದ ಕೇಳದೆಯೇ ಬೀಜದ ಪೊಟ್ಟಣಗಳು ಅಂಚೆಯಲ್ಲಿ ಬಂದಾಗ, ಅವನ್ನು ಬಿತ್ತಕೂಡದೆಂದು ಎರಡೂ ದೇಶಗಳ ಕೃಷಿ ಇಲಾಖೆಗಳು ಎಚ್ಚರಿಸಿದ್ದವು. ಬೀಜದೊಡನೆ ರೋಗವೂ ಕಳೆಯೂ ಬರಬಹುದೆಂಬ ಭಯ ಸಕಾರಣವಾದುದು. ಆದ್ದರಿಂದ ಅಕ್ಕರೆಯ ತಾಯಂದಿರು ಉಪ್ಪಿನಕಾಯಿಯ ಡಬ್ಬಿಯ ಮರೆಯಲ್ಲಿ ಬೀಜದ ಪೊಟ್ಟಣ ಅಡಗಿಸಿ ಕಳುಹಿಸದಿರುವುದೇ ಲೇಸು.

ಬೀಜ ಇಲ್ಲಿಯೇ ದೊರೆಯುತ್ತದೆ. ಆದರೆ ಹೆಸರನ್ನು ನೋಡಿ ಕೊಳ್ಳಬೇಕು. ನಮ್ಮ ರಾಮತುಳಸಿ, ಕೃಷ್ಣತುಳಸಿಗಳ ಸಸ್ಯಶಾಸ್ತ್ರೀಯ ಹೆಸರು ಆಸಿಮಮ್ ಟೆನ್ಯುಫ್ಲೋರಮ್. ಹಳೆಯ ಪುಸ್ತಕಗಳಲ್ಲಿ ಆಸಿಮಮ್ ಸ್ಯಾಂಕ್ಟಮ್ ಎಂದಿರುತ್ತದೆ. ‘ಹೋಲಿ ಬೇಸಿಲ್’ ಎಂಬ ಚೀಟಿ ಹೊತ್ತು ಉತ್ತರ ಅಮೆರಿಕದಲ್ಲಿ ಮಾರಾಟವಾಗುವ ಬೀಜಗಳಲ್ಲಿ ಆಸಿಮಮ್ ಆಫ್ರಿಕಾನಮ್ ಎಂಬ ಬೇರೊಂದು ಜಾತಿಯೂ ಸೇರಿರುತ್ತದೆ. ಅದು ಬೇಗ ಹೂ ಬಿಡುವ, ಸುವಾಸನೆಯ ಗಿಡವೇ. ಆದರೆ ಊರಿನ ಕಟ್ಟೆಯ ತುಳಸಿಯಲ್ಲ. ಅಡುಗೆಗೆ ಬಳಸುವ ಇಟಾಲಿಯನ್ ಬೇಸಿಲ್ ಆಸಿಮಮ್ ಬೆಸಿಲಿಕಮ್. ಇದು ನಮಗೆ ಪರಕೀಯವೇನಲ್ಲ: ಬೇಸಿಗೆಯ ಪಾನಕದಲ್ಲಿ ನೆನೆಸಿ ಹಾಕುವ ಕಾಮಕಸ್ತೂರಿ ಬೀಜ ಇದೇ ಜಾತಿಯದು.

ಬಿತ್ತನೆಗೆ ತೋಟದ ಮಣ್ಣು ಬೇಡ. ಪೀಟ್ ಅಥವಾ ತೆಂಗಿನ ನಾರಿನ ಪುಡಿಗೆ ಸ್ವಲ್ಪ ಪರ್ಲೈಟ್ ಬೆರೆಸಿದರೆ ಹಗುರವಾದ, ನೀರು ನಿಲ್ಲದ ಮಿಶ್ರಣ ಸಿದ್ಧವಾಗುತ್ತದೆ. ಊರಿನ ಮಣ್ಣು ಬರಲಾಗದ ಈ ದೇಶಕ್ಕೆ ಭಾರತ, ಶ್ರೀಲಂಕಾಗಳ ತೆಂಗಿನ ನಾರು ಮಾತ್ರ ಇಟ್ಟಿಗೆಯ ರೂಪದಲ್ಲಿ ಬಂದು ಅಂಗಡಿಯಲ್ಲಿ ಕುಳಿತಿರುತ್ತದೆ. ಮಿಶ್ರಣವನ್ನು ಒದ್ದೆ ಮಾಡಿ ಬೀಜವನ್ನು ಮೇಲೆ ಉದುರಿಸಿ, ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಆಳವಾಗದಂತೆ ತೆಳುವಾಗಿ ಮುಚ್ಚಬೇಕು. ನೀರು ತಾಗಿದೊಡನೆ ಕಾಮಕಸ್ತೂರಿ ಬೀಜದ ಸುತ್ತ ಲೋಳೆಯ ಕವಚ ಮೂಡುತ್ತದೆ; ಮೊಳಕೆಗೆ ಬೇಕಾದ ತೇವವನ್ನು ಅದೇ ಹಿಡಿದಿಡುತ್ತದೆ. 21ರಿಂದ 27 ಡಿಗ್ರಿಯ ಬೆಚ್ಚನೆಯ ಜಾಗದಲ್ಲಿ ಕಾಮಕಸ್ತೂರಿ ಐದರಿಂದ ಹತ್ತು ದಿನಗಳಲ್ಲಿ ತಲೆಯೆತ್ತುತ್ತದೆ. ತುಳಸಿಗೆ ಎರಡು ವಾರವಾದರೂ ಬೇಕಾಗಬಹುದು, ತಾಳ್ಮೆಯಿರಲಿ. ಮೊಳೆಯುವವರೆಗೆ ತಟ್ಟೆಯನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿಡಬಹುದು. ಮೊಳೆತ ದಿನವೇ ಅದನ್ನು ತೆಗೆಯಬೇಕು. ಗಾಳಿಯಾಡದ ಒದ್ದೆಯಲ್ಲಿ ಎಳೆಯ ಕಾಂಡ ಬುಡದಲ್ಲೇ ಕೊಳೆತು ಮಲಗುತ್ತದೆ. ರೈತರು ಒಟ್ಟಲು ಪಾತಿಯಲ್ಲಿ ಕಾಣುವ ಸಸಿ ಕೊಳೆ ರೋಗವೇ ಇದು. ಸಣ್ಣ ಫ್ಯಾನಿನ ಮೆಲುಗಾಳಿ ಇದಕ್ಕೆ ಸುಲಭದ ತಡೆ.

ಇನ್ನು ಬೆಳಕು. ನಮ್ಮ ಕಣ್ಣು ಈ ವಿಷಯದಲ್ಲಿ ನಂಬಲರ್ಹ ಸಾಕ್ಷಿಯಲ್ಲ, ಮಬ್ಬಿಗೂ ಪ್ರಖರತೆಗೂ ಅದು ಹೊಂದಿಕೊಂಡುಬಿಡುತ್ತದೆ. ಚೆನ್ನಾಗಿ ದೀಪ ಹಾಕಿದ ಕಚೇರಿಯಲ್ಲಿ ಸುಮಾರು 500 ಲಕ್ಸ್ ಬೆಳಕಿದ್ದರೆ, ನೇರ ಬಿಸಿಲಿನಲ್ಲಿ ಸುಮಾರು ಒಂದು ಲಕ್ಷ ಲಕ್ಸ್. ಬಿಳಿಯ ಎಲ್‌ಇಡಿ ದೀಪದಡಿ ತುಳಸಿ ದಟ್ಟವಾಗಿ ಬೆಳೆಯಲು ಎಲೆಯ ಮಟ್ಟದಲ್ಲಿ ಹದಿಮೂರು, ಹದಿನಾಲ್ಕು ಸಾವಿರ ಲಕ್ಸ್ ಬೇಕು, ಅದೂ ದಿನಕ್ಕೆ ಹದಿನಾಲ್ಕರಿಂದ ಹದಿನಾರು ಗಂಟೆ. ಬಿಸಿಲಿನ ತೀವ್ರತೆಯನ್ನು ಕೊಡಲಾಗದ ದೀಪ, ಅವಧಿಯನ್ನು ಹೆಚ್ಚಿಸಿ ಆ ಕೊರತೆಯನ್ನು ತುಂಬುತ್ತದೆ. ಉಳಿದ ಎಂಟು ಗಂಟೆ ಗಿಡಕ್ಕೂ ರಾತ್ರಿಯಿರಲಿ; ಟೈಮರ್ ಇದ್ದರೆ ನಮಗೆ ಆ ಚಿಂತೆಯಿಲ್ಲ. ನೇರಳೆ ಬಣ್ಣದ ವಿಶೇಷ ದೀಪವೇ ಆಗಬೇಕೆಂದಿಲ್ಲ, ಬಿಳಿಯ ಬೆಳಕಿನಲ್ಲಿ ಗಿಡಕ್ಕೆ ಬೇಕಾದ ನೀಲಿಯೂ ಕೆಂಪೂ ಇರುತ್ತವೆ. ದೀಪವನ್ನು ಎಷ್ಟು ಎತ್ತರದಲ್ಲಿ ತೂಗಬೇಕೆಂಬುದು ಅದರ ಶಕ್ತಿಯನ್ನು ಅವಲಂಬಿಸಿದೆ. ಸಸಿ ಉದ್ದುದ್ದ ಬೆಳೆದು ಸೊರಗಿದರೆ ದೀಪ ದೂರವಾಯಿತೆಂದು ಅರ್ಥ. ಎಲೆಯ ತುದಿ ಬೆಳ್ಳಗಾಗಿ ಸುಟ್ಟಂತಾದರೆ ಹತ್ತಿರವಾಯಿತೆಂದು. ನಲವತ್ತು ವಾಟ್‌ನ ದೀಪ ಹದಿನಾರು ಗಂಟೆ ಉರಿದರೆ ತಿಂಗಳಿಗೆ ಸುಮಾರು 19 ಯೂನಿಟ್ ವಿದ್ಯುತ್ತು. ಊರಿನ ಅಂಗಳದಲ್ಲಿ ಬಿಟ್ಟಿಯಾಗಿ ಸುರಿಯುವುದಕ್ಕೆ ಇಲ್ಲಿ ಬಿಲ್ಲು ಕಟ್ಟಬೇಕು.

ಸಸಿಗೆ ಮೂರು ನಾಲ್ಕು ಜೋಡಿ ಎಲೆ ಬಂದ ಮೇಲೆ ನೆತ್ತಿಯ ಕುಡಿಯನ್ನು ಚಿವುಟಿದರೆ ಪಕ್ಕದ ಕಣ್ಣುಗಳಿಂದ ಕವಲೊಡೆಯುತ್ತದೆ. ತುಳಸಿಯನ್ನು ಹೀಗೆ ಚಿವುಟಬಹುದೇ ಎಂದು ಕೆಲವರು ಅಳುಕುತ್ತಾರೆ. ನಮ್ಮ ಅಜ್ಜಿಯಂದಿರು ಪೂಜೆಗೆಂದು ಬೆಳಿಗ್ಗೆ ಬಿಡಿಸುತ್ತಿದ್ದ ಕುಡಿ ಬೇರೇನು? ತೋಟಗಾರಿಕೆಯ ಪುಸ್ತಕ ಹೇಳುವುದೂ ಅದನ್ನೇ.

ಕಾಲದ ಲೆಕ್ಕಾಚಾರವೂ ಮುಖ್ಯ. ಕಾರ್ತಿಕ ಶುದ್ಧ ದ್ವಾದಶಿಯ ತುಳಸಿ ಹಬ್ಬದ ಹೊತ್ತಿಗೆ ಎಡ್ಮಂಟನ್ನಿನಲ್ಲಿ ಸಾಮಾನ್ಯವಾಗಿ ಹಿಮ ಬಿದ್ದಿರುತ್ತದೆ. ಶ್ರಾವಣದಲ್ಲಿ ಬಿತ್ತಿದರೆ ಹಬ್ಬಕ್ಕೆ ಗೇಣುದ್ದದ ಗಿಡ ಸಿದ್ಧ. ನೆಲ್ಲಿಯ ಕೊಂಬೆಯ ಬದಲಿಗೆ ಭಾರತೀಯ ಅಂಗಡಿಯ ಹೆಪ್ಪುಗಟ್ಟಿದ ನೆಲ್ಲಿಕಾಯಿಯನ್ನು ಬುಡದಲ್ಲಿಟ್ಟು ನಮ್ಮಲ್ಲಿ ಕೆಲವರು ಹಬ್ಬ ಮಾಡುತ್ತಾರೆ. ಮಾರ್ಚಿನಲ್ಲಿ ಇನ್ನೊಂದು ತಂಡವನ್ನು ಬಿತ್ತಿದರೆ, ಮೇ ತಿಂಗಳ ವಿಕ್ಟೋರಿಯಾ ದಿನದ ರಜೆಯ ನಂತರ, ರಾತ್ರಿಗಳು ಬೆಚ್ಚಗಾದಂತೆ ಸಸಿಗಳನ್ನು ಹೊರಗಿನ ಬಿಸಿಲಿಗೆ ಒಂದೊಂದೇ ಗಂಟೆಯಾಗಿ ರೂಢಿಸಬಹುದು. ದೀಪದಡಿ ಬೆಳೆದ ಎಲೆ ನಿಜವಾದ ಸೂರ್ಯನನ್ನು ಒಮ್ಮೆಲೇ ತಾಳಲಾರದು.

ವಿದೇಶಕ್ಕೆ ಹೊರಡಲು ಸಿದ್ಧರಾಗುತ್ತಿರುವ ಕಿರಿಯರು ಸಂಬಳ, ವೀಸಾ, ಬಾಡಿಗೆಗಳ ಬಗ್ಗೆ ವಿಚಾರಿಸುತ್ತಾರೆ. ಬೆಳಕಿನ ಬಗ್ಗೆ ಯಾರೂ ಕೇಳುವುದಿಲ್ಲ. ಕತ್ತಲಲ್ಲೇ ಕೆಲಸಕ್ಕೆ ಹೋಗಿ ಕತ್ತಲಲ್ಲೇ ಮರಳುವ ಮೊದಲ ಚಳಿಗಾಲ ಗಟ್ಟಿಮನಸ್ಸಿನವರನ್ನೂ ಕುಗ್ಗಿಸುತ್ತದೆ. ಮನೆ ಹಿಡಿಯುವಾಗ ಕಿಟಕಿ ಯಾವ ದಿಕ್ಕಿಗಿದೆಯೆಂದು ನೋಡಿ. ದಕ್ಷಿಣದ ಕಿಟಕಿ ಗಿಡಕ್ಕೂ ಒಳ್ಳೆಯದು, ನಿಮಗೂ. ಊರಿನಲ್ಲಿರುವವರಲ್ಲಿಯೂ ಒಂದು ವಿನಂತಿ: ಮಗಳೋ ಸೊಸೆಯೋ ತುಳಸಿ ಒಣಗಿತೆಂದರೆ ಶಕುನ ನೋಡಬೇಡಿ. ಕದಿರಿನಲ್ಲಿ ಬೀಜ ಕಟ್ಟಿತ್ತೇ ಎಂದು ಕೇಳಿ. ಕಂದು ಬಣ್ಣಕ್ಕೆ ತಿರುಗಿದ ಒಂದೊಂದು ಹೂಬಟ್ಟಲಿನಲ್ಲೂ ನಾಲ್ಕರವರೆಗೆ ಬೀಜಗಳಿರುತ್ತವೆ. ಅವನ್ನು ಕಾಗದದ ಮೇಲೆ ಉದುರಿಸಿ, ಒಣಗಿಸಿ, ಪೊಟ್ಟಣ ಕಟ್ಟಿ, ಮೇಲೆ ವರ್ಷವನ್ನು ಬರೆದಿಟ್ಟರೆ ಮುಂದಿನ ಶ್ರಾವಣಕ್ಕೆ ಸಾಕು. ಉಳಿದದ್ದನ್ನು ಆ ವರ್ಷ ಹೊಸದಾಗಿ ಬಂದವರ ಮನೆಗೆ ಕೊಡಬಹುದು.