ಓಡಿಹೋಗಲಾಗದವನ ಹಾಡು

ಹೆವಿ ಮೆಟಲ್ ಎಂದರೆ ದೆವ್ವ, ರಕ್ತ, ಕಿರುಚಾಟ ಎಂದು ಮೂಗು ಮುರಿಯುವವರಿಗೆ ನಾನು ಕೇಳಿಸುವುದು ಜರ್ಮನಿಯ ಕ್ರೆಫೆಲ್ಡ್ ಊರಿನ ಬ್ಲೈಂಡ್ ಗಾರ್ಡಿಯನ್ ತಂಡದ ಹಾಡು: 1995ರ ‘ಇಮ್ಯಾಜಿನೇಷನ್ಸ್ ಫ್ರಮ್ ದಿ ಅದರ್ ಸೈಡ್’, ಅಂದರೆ ಆಚೆ ದಡದ ಕಲ್ಪನೆಗಳು. ಗಾಯಕ ಹಾನ್ಸಿ ಕ್ಯೂರ್ಶ್. ಮೊದಲ ಸಲಕ್ಕೆ ಮಾತು ಕಿವಿಗೆ ಸಿಗುವುದಿಲ್ಲ. ಸಾಹಿತ್ಯದ ಹಾಳೆ ಕೈಯಲ್ಲಿರಲಿ.

ಹಾಳೆಯ ತುಂಬ ಪೀಟರ್ ಪ್ಯಾನ್, ಟೋಲ್ಕಿನ್‌ನ ಗ್ಯಾಂಡಾಲ್ಫ್, ಆಲಿಸಳ ಅದ್ಭುತಲೋಕ, ನಾರ್ನಿಯಾದ ಸಿಂಹ. ಬಾಲ್ಯದ ಪುಸ್ತಕದ ಕಪಾಟನ್ನೇ ಯಾರೋ ಬೋರಲು ಹಾಕಿದಂತಿದೆ. ‘ಬರೀ ಪಲಾಯನ’ ಎಂದು ಹಾಳೆ ಮಡಚಿಡುವವರು ಎಡವುವುದು ಇಲ್ಲೇ. ಹಾಡುವವನು ಹುಡುಗನಲ್ಲ, ಬೆಳೆದವನು. ಆ ಲೋಕಕ್ಕೆ ಮರಳುವ ದಾರಿ ಹುಡುಕುತ್ತಾನೆ. ಅವನು ಅಷ್ಟು ಪ್ರೀತಿಸಿದ ಪಾತ್ರಗಳೋ ಅವನನ್ನು ಬಿಟ್ಟು ಹೋಗಿವೆ. ಓಡಿಹೋದವನ ಸಂಭ್ರಮವಲ್ಲ ಇದು, ಓಡಿಹೋಗಲಾಗದವನ ಸಂಕಟ. ಬುದ್ಧಿ ಕೆಟ್ಟವನ ಕಥೆಯೆಂದೂ ಓದಬಹುದು. ನನಗದು ಅಷ್ಟು ಒಪ್ಪಿಗೆಯಿಲ್ಲ. ದೊಡ್ಡವರಾಗುವುದಕ್ಕೆ ಹುಚ್ಚು ಹಿಡಿಯಬೇಕೆಂದೇನಿಲ್ಲವಲ್ಲ!

ಅರ್ಥದ ಅರ್ಧ ಪಾಲು ಸಂಗೀತದಲ್ಲಿದೆ. ಚರಣದಲ್ಲಿ ಒಂದೇ ದನಿ, ಒರಟಾಗಿ, ಏಕಾಂಗಿಯಾಗಿ. ಪಲ್ಲವಿಗೆ ಬಂದಾಗ ಸ್ಟುಡಿಯೋದಲ್ಲಿ ಪದರ ಪದರವಾಗಿ ಪೇರಿಸಿದ ದನಿಗಳ ದೊಡ್ಡ ಮೇಳ. ನನ್ನ ಕಿವಿಗೆ ಅದು ಆಚೆ ದಡದವರ ಕೂಗು. ಡ್ರಮ್ಸ್ ಮಾತ್ರ ಈಚೆ ದಡದಲ್ಲೇ ಓಡುತ್ತಿರುತ್ತದೆ.

1998ರಲ್ಲಿ ಇದೇ ತಂಡ ಟೋಲ್ಕಿನ್‌ನ ‘ಸಿಲ್ಮರಿಲಿಯನ್’ ಆಧರಿಸಿ ಇಡೀ ಆಲ್ಬಮ್ ಮಾಡಿತು: ‘ನೈಟ್‌ಫಾಲ್ ಇನ್ ಮಿಡಲ್-ಅರ್ತ್’. ಅಭಿಮಾನಿಗಳಿಗೆ ಅದು ಪ್ರಾಣ. ನನಗೆ 1995ರ ಹಾಡೇ ಮೇಲು. ಅಲ್ಲಿ ಕಥೆಯ ಹೊರಗೆ ನಿಂತ ಓದುಗನೂ ಒಂದು ಪಾತ್ರ.